ಕಠಾರಿಯ ಬಿಳಿ ಹಿಡಿ ಯಾವ ಪ್ರಾಣಿಯದು: ಕಡಲ ದಂತದ ಮೂಲ ಗುರುತಿಸುವ ಸಮಗ್ರ ಮಾರ್ಗದರ್ಶಿ

ಜಮಖಂಡಿ, ಮುಧೋಳ, ರಾಮದುರ್ಗದಂಥ ಹಳೆಯ ಸಂಸ್ಥಾನಗಳ ಊರುಗಳಲ್ಲಿ, ದೇಸಗತಿ ಮನೆತನಗಳ ವಾಡೆಗಳಲ್ಲಿ, ಖಂಡೇನವಮಿಯಂದು ಪೂಜೆಗೆ ಇಡುವ ಆಯುಧಗಳ ನಡುವೆ ಬಿಳಿ ಹಿಡಿಯ ಕಠಾರಿಯೊಂದಿದ್ದರೆ ಅದು ಆನೆದಂತದ್ದೇ ಎಂದು ಹೇಳಿಬಿಡುವುದು ರೂಢಿ. ಹೆಚ್ಚಿನ ಸಂದರ್ಭಗಳಲ್ಲಿ ಆ ಮಾತು ಸರಿಯೂ ಇರಬಹುದು. ಆದರೆ ಪರ್ಷಿಯಾ ಮತ್ತು ಮೊಘಲ್ ದರಬಾರುಗಳಲ್ಲಿ ಉತ್ತರ ಧ್ರುವದ ಕಡಲಿನ ವಾಲ್ರಸ್ ಎಂಬ ಸಸ್ತನಿಯ ಕೋರೆಯ ಹಿಡಿಗಳಿಗೆ ದೊಡ್ಡ ಬೆಲೆಯಿತ್ತು. ಅದನ್ನು ಮೀನಿನ ಹಲ್ಲು ಎಂದು ಕರೆಯುತ್ತಿದ್ದರು, ಮತ್ತು ಬಾದಶಹ ಜಹಾಂಗೀರ್ ತನ್ನ ಆತ್ಮಚರಿತ್ರೆಯಲ್ಲಿ ಅಂಥ ಹಿಡಿಗಳನ್ನು ಮೆಚ್ಚಿ ಬರೆದಿದ್ದಾನೆ. ವಿಜಯಪುರದ ಆದಿಲಶಾಹಿಗಳ ಕೈಯಲ್ಲಿ ದಾಭೋಳದಂಥ ಬಂದರು ಇತ್ತು, ಪರ್ಷಿಯಾದೊಡನೆ ನಿಕಟ ಸಂಬಂಧವೂ ಇತ್ತು. ಆದ್ದರಿಂದ ಈ ಸೀಮೆಯ ಹಳೆಯ ಹಿಡಿಯೊಂದು ಕಡಲಿನಿಂದ ಬಂದಿರಬಹುದೆಂಬ ಸಾಧ್ಯತೆಯನ್ನು ಪರೀಕ್ಷಿಸದೆ ತಳ್ಳಿಹಾಕಲೂಬಾರದು, ಪರೀಕ್ಷಿಸದೆ ಒಪ್ಪಲೂಬಾರದು.

ಈ ಮಾರ್ಗದರ್ಶಿಯನ್ನು ಮನೆತನದ ವಸ್ತುಗಳನ್ನು ಕಾಯುವವರು, ಇತಿಹಾಸ ಹಾಗೂ ಪುರಾತತ್ತ್ವದ ವಿದ್ಯಾರ್ಥಿಗಳು, ಚಿಕ್ಕ ಸಂಗ್ರಹಾಲಯಗಳ ಸಿಬ್ಬಂದಿ ಇವರನ್ನು ಮನಸ್ಸಿನಲ್ಲಿಟ್ಟು ಬರೆಯಲಾಗಿದೆ. ಇದರಲ್ಲಿ ಅನುಸರಿಸಿರುವ ಕ್ರಮ ಒಂದೇ: ವಸ್ತುವಿಗೆ ಏನೂ ಆಗದ ಪರೀಕ್ಷೆ ಮೊದಲು, ಚೂರು ತೆಗೆಯುವ ಪರೀಕ್ಷೆ ಕೊನೆಗೆ, ಪ್ರಾಣಿಯ ಹೆಸರು ಅದಕ್ಕೂ ಕೊನೆಗೆ. ಹೆಸರನ್ನು ಮೊದಲೇ ಬರೆದಿಟ್ಟುಕೊಂಡು ನೋಡಲು ಕುಳಿತವನಿಗೆ ಗೆರೆಗಳು ಅವನ ಇಷ್ಟದಂತೆಯೇ ಕಾಣತೊಡಗುತ್ತವೆ.

ಮುಟ್ಟುವ ಮುನ್ನ

ಕಾನೂನಿನ ಮಾತನ್ನು ಮೊದಲು ಮುಗಿಸಿಕೊಳ್ಳುವುದು ಒಳಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ದಂತದ ವ್ಯಾಪಾರ ನಿಷಿದ್ಧ. ಆಮದಾದ ಆಫ್ರಿಕಾ ದಂತವೂ 1991ರ ತಿದ್ದುಪಡಿಯಿಂದ ಆ ನಿಷೇಧದೊಳಗೆ ಬಂದಿತು. 2022ರ ತಿದ್ದುಪಡಿ 2023ರ ಏಪ್ರಿಲ್ 1ರಂದು ಜಾರಿಗೆ ಬಂದ ಮೇಲೆ, ವನ್ಯಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಅಂತರರಾಷ್ಟ್ರೀಯ ಸೈಟಿಸ್ ಒಪ್ಪಂದದ ಪಟ್ಟಿಗಳಲ್ಲಿರುವ ಪ್ರಾಣಿಗಳಿಗೂ ನಮ್ಮ ಕಾಯ್ದೆಯಲ್ಲಿ ಪ್ರತ್ಯೇಕ ಅನುಸೂಚಿ ಇದೆ. ಸ್ಪರ್ಮ್ ತಿಮಿಂಗಿಲ ಮತ್ತು ಡುಗಾಂಗ್ ಎಂಬ ಕಡಲಹಸು ಸೈಟಿಸ್‌ನ ಮೊದಲನೆಯ ಪಟ್ಟಿಯಲ್ಲಿವೆ, ತಿಮಿಂಗಿಲದ ಬಳಗದ ನಾರ್ವಾಲ್ ಮತ್ತು ಓರ್ಕಾ, ಜೊತೆಗೆ ನೀರಾನೆ ಎರಡನೆಯದರಲ್ಲಿ, ವಾಲ್ರಸ್ ಮೂರನೆಯದರಲ್ಲಿ. ಅಂದರೆ "ಇದು ಆನೆಯದಲ್ಲ, ಕಡಲಿನದು" ಎಂದು ಸಾಬೀತಾದ ಮಾತ್ರಕ್ಕೆ ವಸ್ತು ಕಾಯ್ದೆಯಿಂದ ಹೊರಗೆ ಹೋಗುವುದಿಲ್ಲ. ಮನೆಯಲ್ಲಿರುವ ವಸ್ತುವಿಗೆ ಮಾಲೀಕತ್ವದ ಪ್ರಮಾಣಪತ್ರ ಇದೆಯೇ ಎಂದು ಹುಡುಕಿರಿ. ಇಲ್ಲದಿದ್ದರೆ ವಲಯ ಅರಣ್ಯಾಧಿಕಾರಿಯ ಕಚೇರಿಗೆ ಹೋಗಿ ವಿಚಾರಿಸುವುದು ಪರೀಕ್ಷೆಗಿಂತ ಮೊದಲಿನ ಕೆಲಸ. ಅಂಗಡಿಗೆ ಒಯ್ದು "ಏನಿರಬಹುದು, ಎಷ್ಟು ಬೆಲೆ ಬಾಳಬಹುದು" ಎಂದು ಕೇಳುವುದು ಎಲ್ಲ ದೃಷ್ಟಿಯಿಂದಲೂ ತಪ್ಪು ಹೆಜ್ಜೆ.

ವಸ್ತುವನ್ನು ತೊಳೆಯಬೇಡಿ, ಎಣ್ಣೆ ಹಚ್ಚಬೇಡಿ, ಬಿಸಿಲಿಗೆ ಇಡಬೇಡಿ. ನಮ್ಮ ಕಡೆಯ ಬೇಸಗೆಯ ಒಣ ಬಿಸಿಲಿನಲ್ಲಿ ಹಳೆಯ ದಂತ ಒಂದೇ ಮಧ್ಯಾಹ್ನದಲ್ಲಿ ಬಿರುಕು ಬಿಡಬಲ್ಲದು. ಪೂಜೆಯ ವಸ್ತುಗಳಲ್ಲಿ ಇನ್ನೊಂದು ತೊಡಕಿದೆ. ತಲೆಮಾರುಗಳಿಂದ ಹಚ್ಚಿದ ಅರಿಷಿಣ, ಕುಂಕುಮ, ಕೊಬ್ಬರಿ ಎಣ್ಣೆ ಮೇಲ್ಮೈಯ ಸೂಕ್ಷ್ಮ ಬಿರುಕುಗಳಲ್ಲಿ ಇಳಿದಿರುತ್ತವೆ. ಅರಿಷಿಣ ಅತಿನೇರಳೆ ಬೆಳಕಿನಲ್ಲಿ ತಾನೇ ಹಳದಿಹಸಿರಾಗಿ ಹೊಳೆಯುತ್ತದೆ, ಎಣ್ಣೆಯ ಇಂಗಾಲ ಮುಂದಿನ ಕಾಲನಿರ್ಣಯವನ್ನು ಕೆಡಿಸುತ್ತದೆ. ಆದ್ದರಿಂದ ಏನೇನು ಹಚ್ಚಲಾಗಿದೆ ಎಂಬುದನ್ನು ಮನೆಯ ಹಿರಿಯರಿಂದ ಕೇಳಿ ಬರೆದಿಟ್ಟುಕೊಳ್ಳುವುದು ಯಂತ್ರದ ಪರೀಕ್ಷೆಯಷ್ಟೇ ಮುಖ್ಯವಾದ ಮಾಹಿತಿ. ಕೈಗವಸು ತೊಟ್ಟು, ಅಳತೆಪಟ್ಟಿಯನ್ನು ಪಕ್ಕದಲ್ಲಿಟ್ಟು, ಆರೂ ಬದಿಗಳಿಂದ ಚಿತ್ರ ತೆಗೆದು, ತೂಕ ಬರೆದ ನಂತರ ಮುಂದಿನ ಹೆಜ್ಜೆ ಇಡಬೇಕು.

ಕಾದ ಸೂಜಿಯನ್ನು ಚುಚ್ಚಿ ನೋಡುವ ಹಳೆಯ ಪದ್ಧತಿಯನ್ನು ಯಾರೇ ಹೇಳಿದರೂ ಒಪ್ಪಬೇಡಿ. ಪ್ಲಾಸ್ಟಿಕ್ ಕರಗುತ್ತದೆ, ದಂತ ಕರಗುವುದಿಲ್ಲ ಎಂಬುದಷ್ಟೇ ಅದು ಹೇಳಬಲ್ಲದು. ಯಾವ ಪ್ರಾಣಿ ಎಂಬುದನ್ನು ಹೇಳಲಾರದು, ಕಲೆಯನ್ನಂತೂ ಶಾಶ್ವತವಾಗಿ ಉಳಿಸುತ್ತದೆ. ವಸ್ತು ಸೆಲ್ಯುಲಾಯ್ಡ್ ಆಗಿದ್ದರೆ ಕೈಯಲ್ಲೇ ಹೊತ್ತಿಕೊಳ್ಳಲೂಬಹುದು.

ಮೊದಲ ಹಂತ: ಇದು ಹಲ್ಲೇ ಹೌದೇ?

ದಂತವೆಂದರೆ ಹಲ್ಲು. ಅದರ ಮೈಯ ಬಹುಭಾಗ ಡೆಂಟಿನ್. ಖನಿಜ ಮತ್ತು ಕೊಲಾಜೆನ್ ಎಂಬ ಪ್ರೋಟೀನ್ ಕೂಡಿ ಆದ ಗಟ್ಟಿ ದ್ರವ್ಯ. ಹೊರಗೆ ಸಿಮೆಂಟಮ್ ಎಂಬ ಪದರ, ಕೆಲವು ಪ್ರಾಣಿಗಳಲ್ಲಿ ಎನಾಮಲ್ ಎಂಬ ಗಟ್ಟಿ ಹೊದಿಕೆ, ಒಳಗೆ ನರ ಮತ್ತು ರಕ್ತನಾಳಗಳಿದ್ದ ಟೊಳ್ಳು. ಹತ್ತು ಪಟ್ಟು ಹಿಗ್ಗಿಸುವ ಭೂತಗನ್ನಡಿ, ಓರೆಯಾಗಿ ಬೀಳುವ ಒಂದು ಟಾರ್ಚಿನ ಬೆಳಕು ಮತ್ತು 365 ನ್ಯಾನೊಮೀಟರಿನ ಅತಿನೇರಳೆ ದೀಪ ಇಷ್ಟಿದ್ದರೆ ಈ ಹಂತ ಮುಗಿಯುತ್ತದೆ.

ಮೂಳೆಯಲ್ಲಿ ರಕ್ತನಾಳಗಳು ಹಾದುಹೋದ ಸಣ್ಣ ರಂಧ್ರಗಳಿರುತ್ತವೆ. ಅಡ್ಡವಾಗಿ ಕತ್ತರಿಸಿದ ಮುಖದಲ್ಲಿ ಚುಕ್ಕಿಗಳಂತೆ, ಉದ್ದನೆಯ ಮುಖದಲ್ಲಿ ಚಿಕ್ಕ ಗೀರುಗಳಂತೆ ಕಾಣುವ ಇವುಗಳಲ್ಲಿ ಕೊಳೆ ತುಂಬಿ ಕಪ್ಪಾಗಿರುತ್ತದೆ. ಡೆಂಟಿನ್‌ನಲ್ಲಿ ಅಂಥ ರಂಧ್ರಗಳಿಲ್ಲ. ದಕ್ಷಿಣ ಅಮೆರಿಕದ ತಾಳೆಜಾತಿಯ ಮರದ ಬೀಜದಿಂದ ಮಾಡಿದ "ಸಸ್ಯದಂತ"ದ ಗುಂಡಿಗಳಲ್ಲಿ ಸಸ್ಯಕೋಶಗಳ ಸಾಲು ಭೂತಗನ್ನಡಿಯಡಿ ತೋರುತ್ತದೆ. ಪ್ಲಾಸ್ಟಿಕ್ ಮತ್ತು ಅಚ್ಚಿಗೆ ಸುರಿದ ರಾಳದ ವಸ್ತುಗಳಲ್ಲಿ ಗುಳ್ಳೆಗಳು, ಅಚ್ಚಿನ ಕೂಡುಗೆರೆ, ಎಲ್ಲೆಡೆ ಒಂದೇ ಬಗೆಯ ಬಣ್ಣ ಇವನ್ನು ಹುಡುಕಬೇಕು. ಅತಿನೇರಳೆ ದೀಪದಡಿ ನಿಜದಂತ ನೀಲಿಬಿಳುಪಾಗಿ ಹೊಳೆಯುತ್ತದೆ, ಪ್ಲಾಸ್ಟಿಕ್ ಮಂಕು ನೀಲಿಯಾಗಿ ಉಳಿಯುತ್ತದೆ. ಹೊಳಪು ಕಿತ್ತಳೆ ಬಣ್ಣಕ್ಕೆ ತಿರುಗಿದರೆ ಅದು ದಂತದ್ದಲ್ಲ, ಮೇಲೆ ಬಳಿದ ಅರಗಿನ ಮೆರುಗಿನದು.

ಎರಡನೆಯ ಹಂತ: ಆನೆಯನ್ನು ಹೊರಗಿಡುವುದು

ನಮ್ಮ ದೇಶದಲ್ಲಿ ಸಿಗುವ ದಂತದ ವಸ್ತುಗಳ ಬಹುಪಾಲು ಆನೆಯದೇ ಆಗಿರುವುದರಿಂದ, ಕಡಲ ಪ್ರಾಣಿಯನ್ನು ಹುಡುಕುವ ಮೊದಲು ಆನೆಯ ಗುರುತು ಇದೆಯೇ ಎಂದು ನೋಡುವುದು ತರ್ಕಬದ್ಧ. ಆನೆ ಮತ್ತು ಅದರ ಅಳಿದುಹೋದ ಸಂಬಂಧಿ ಮ್ಯಾಮತ್ ದಂತದ ಅಡ್ಡಕೊಯ್ತದಲ್ಲಿ ಒಂದನ್ನೊಂದು ಹಾಯುವ ಬಾಗುಗೆರೆಗಳ ಬಲೆ ಕಾಣುತ್ತದೆ. ಇವನ್ನು ಶ್ರೇಗರ್ ಗೆರೆಗಳು ಎನ್ನುತ್ತಾರೆ, ಮತ್ತು ಇವು ಆನೆಯ ವಂಶಕ್ಕೆ ಮಾತ್ರ ಸೇರಿದವು. ಸಿಮೆಂಟಮ್‌ಗೆ ಹತ್ತಿರವಿರುವ ಹೊರಗಿನ ಗೆರೆಗಳು ಕೂಡುವ ಕೋನಗಳನ್ನು ಕನಿಷ್ಠ ಐದು ಕಡೆ ಅಳೆದು ಸರಾಸರಿ ತೆಗೆಯಬೇಕು. ಸರಾಸರಿ 115 ಡಿಗ್ರಿಗಿಂತ ಹೆಚ್ಚಿದ್ದರೆ ಈಗಿನ ಆನೆ, 90ಕ್ಕಿಂತ ಕಡಿಮೆಯಿದ್ದರೆ ಮ್ಯಾಮತ್; ನಡುವೆ ಬಿದ್ದರೆ ಕೋನದ ಬಲದಿಂದ ತೀರ್ಪು ಕೊಡಬಾರದು. ಅಮೆರಿಕದ ಆರೆಗಾನ್ ರಾಜ್ಯದ ಆಶ್‌ಲ್ಯಾಂಡಿನಲ್ಲಿರುವ ವನ್ಯಜೀವಿ ವಿಧಿವಿಜ್ಞಾನ ಪ್ರಯೋಗಾಲಯದ ಕೆಲಸದಿಂದ ಪ್ರಚಾರಕ್ಕೆ ಬಂದ ಈ ಅಳತೆ ಇಂದು ಜಗತ್ತಿನ ಸುಂಕದ ಕಚೇರಿಗಳಲ್ಲೆಲ್ಲ ಬಳಕೆಯಲ್ಲಿದೆ.

ಇಲ್ಲಿ ಎಚ್ಚರಿಕೆಯೊಂದನ್ನು ಒತ್ತಿ ಹೇಳಬೇಕು. ಶ್ರೇಗರ್ ಗೆರೆ ಕಂಡರೆ ಆನೆವಂಶ ಎಂಬುದು ನಿಶ್ಚಯ. ಕಾಣದಿದ್ದರೆ ಆನೆಯಲ್ಲ ಎಂಬುದು ನಿಶ್ಚಯವಲ್ಲ. ಗೆರೆಗಳು ತೋರುವುದು ಅಡ್ಡಕೊಯ್ತದ ಮುಖದಲ್ಲಿ. ಹಿಡಿಯನ್ನು ದಂತದ ಉದ್ದಕ್ಕೆ ಕೆತ್ತಿದ್ದರೆ ಅದರ ಅಗಲವಾದ ಬದಿಗಳಲ್ಲಿ ಸಾಲುಸಾಲಾದ ನೇರ ಪಟ್ಟಿಗಳಷ್ಟೇ ಕಾಣುತ್ತವೆ. ಆದ್ದರಿಂದ ಹಿಡಿಯ ತುದಿ, ಮೊಳೆಯ ತೂತಿನ ಅಂಚು, ಅಲಗು ಸೇರುವ ಬುಡ, ಹೀಗೆ ಅಡ್ಡಮುಖ ಎಲ್ಲಿ ತೆರೆದಿದೆಯೋ ಅಲ್ಲಿ ತಾಳ್ಮೆಯಿಂದ ಹುಡುಕಬೇಕು.

ಮೂರನೆಯ ಹಂತ: ಕಡಲ ಪ್ರಾಣಿಗಳನ್ನು ಒಂದೊಂದಾಗಿ ಬೇರ್ಪಡಿಸುವುದು

ವಾಲ್ರಸ್‌ನ ವಿಷಯದಲ್ಲಿ ಕಣ್ಣೇ ಅತ್ಯುತ್ತಮ ಉಪಕರಣ, ಹಾಗಾಗಿ ಅಲ್ಲಿಂದಲೇ ಆರಂಭಿಸೋಣ. ಗಂಡು ಹೆಣ್ಣು ಎರಡಕ್ಕೂ ಇರುವ, ಒಂದು ಮೀಟರಿನವರೆಗೆ ಬೆಳೆಯುವ ಮೇಲ್ದವಡೆಯ ಕೋರೆಹಲ್ಲು ಅದರದು. ಅಡ್ಡಕೊಯ್ತ ಮೊಟ್ಟೆಯಾಕಾರ, ಅಂಚಿನಲ್ಲಿ ದೂರದೂರಕ್ಕೆ ತಗ್ಗುಗಳು. ಹೊರಗಿನಿಂದ ಒಳಕ್ಕೆ ಹೋದರೆ ಮೊದಲು ಸಿಮೆಂಟಮ್, ನಂತರ ಒಂದು ಸ್ಪಷ್ಟವಾದ ಗಡಿರೇಖೆ, ಅದರಾಚೆ ನುಣುಪಾದ ಪ್ರಾಥಮಿಕ ಡೆಂಟಿನ್, ನಟ್ಟನಡುವೆ ದ್ವಿತೀಯಕ ಡೆಂಟಿನ್. ಈ ನಡುಭಾಗವೇ ವಾಲ್ರಸ್‌ನ ಸಹಿ. ಪ್ರಾಣಿ ಬೆಳೆದಂತೆ ಟೊಳ್ಳನ್ನು ತುಂಬುತ್ತ ಬರುವ ಈ ದ್ರವ್ಯ ಒಂದೇ ಸಮನಾಗಿರದೆ, ಉದುರುದುರಾದ ಗೋಧಿ ಸಜ್ಜಿಗೆಯಂತೆ, ಅರೆಪಾರದರ್ಶಕ ಕಣಗಳು ಒತ್ತೊತ್ತಾಗಿ ಸೇರಿದಂತೆ ಕಾಣುತ್ತದೆ. ಬೇರಾವ ಪ್ರಾಣಿಯ ದಂತದಲ್ಲೂ ಇಷ್ಟು ದೊಡ್ಡ ಭಾಗ ಹೀಗಿರುವುದಿಲ್ಲ. ಹೊರಗಿನ ಬಿರುಕುಗಳು ಸಿಮೆಂಟಮ್‌ನಿಂದ ಹೊರಟು ಡೆಂಟಿನ್‌ನೊಳಕ್ಕೂ ಇಳಿದು ಕೋರೆಯ ಉದ್ದಕ್ಕೂ ಸಾಗುವುದು ಇದರ ಇನ್ನೊಂದು ಲಕ್ಷಣ.

ಕೆತ್ತುವವನು ಈ ಕಣಕಣವಾದ ಭಾಗವನ್ನು ಎಲ್ಲಿಟ್ಟಿದ್ದಾನೆ ಎಂಬುದನ್ನೂ ಯೋಚಿಸಬೇಕು. ಯುರೋಪಿನ ಮಧ್ಯಯುಗದ ಕೆತ್ತನೆಗಾರರು ಸಾಮಾನ್ಯವಾಗಿ ಅದನ್ನು ಹಿಂಬದಿಗೆ ಅಥವಾ ಬುಡಕ್ಕೆ ತಳ್ಳುತ್ತಿದ್ದರು. ಸ್ಕಾಟ್ಲೆಂಡಿನ ಲೂಯಿಸ್ ದ್ವೀಪದಲ್ಲಿ 1831ರಲ್ಲಿ ಬೆಳಕಿಗೆ ಬಂದ, 12ನೇ ಶತಮಾನದವೆಂದು ಹೇಳಲಾಗುವ ಚದುರಂಗದ ಕಾಯಿಗಳು ಬಹುಪಾಲು ವಾಲ್ರಸ್ ದಂತದವು, ಕೆಲವು ತಿಮಿಂಗಿಲದ ಹಲ್ಲಿನವು. ಅಲ್ಲಿ ಕಾಯಿಯ ತಳವನ್ನು ನೋಡಿದರೆ ಮುಖ ಹೇಳದ್ದು ತಿಳಿಯುತ್ತದೆ. ಪರ್ಷಿಯಾ ಮತ್ತು ಭಾರತದ ಅಭಿರುಚಿ ಇದಕ್ಕೆ ತದ್ವಿರುದ್ಧವಾಗಿದ್ದು, ಮಚ್ಚೆಮಚ್ಚೆಯಾದ ಭಾಗವೇ ಬೆಲೆಬಾಳುವುದೆಂದು ಅದನ್ನೇ ಕಾಣುವಂತೆ ಇಡುತ್ತಿದ್ದರು. ಹಾಗಾಗಿ ನಮ್ಮ ಕಡೆಯ ಹಿಡಿಯಲ್ಲಿ ವಾಲ್ರಸ್ ಇದ್ದರೆ ಗುರುತು ಕಣ್ಣಿಗೆ ಬೀಳುವ ಸಂಭವ ಹೆಚ್ಚು. ಆದರೂ ಪ್ರಾಥಮಿಕ ಡೆಂಟಿನ್‌ನಿಂದಷ್ಟೇ ಕೆತ್ತಿದ ಚಿಕ್ಕ ತುಂಡು ಏನನ್ನೂ ಹೇಳದೆ ಸುಮ್ಮನಿರುತ್ತದೆ. ಅಂಥದ್ದಕ್ಕೆ ಮುಂದಿನ ಹಂತಗಳು ಬೇಕು.

ನಾರ್ವಾಲ್ ಕೋರೆ ಇಡಿಯಾಗಿದ್ದರೆ ಗುರುತಿಸಲು ಮಗುವೂ ಸಾಕು: ಗಂಡಿನ ಮೇಲ್ದವಡೆಯ ಎಡಗಡೆಯ ಹಲ್ಲು ತುಟಿಯನ್ನು ಸೀಳಿ, ಎಡಸುರುಳಿಯಾಗಿ ತಿರುಚಿಕೊಳ್ಳುತ್ತ ಮೂರು ಮೀಟರಿನವರೆಗೂ ನೇರವಾಗಿ ಬೆಳೆಯುತ್ತದೆ. ಯುರೋಪಿನಲ್ಲಿ ಇದನ್ನು ಒಂಟಿಕೊಂಬಿನ ಕುದುರೆಯ ಕೊಂಬೆಂದು ನಂಬಿಸಿ ಮಾರುತ್ತಿದ್ದರು. ಡೆನ್ಮಾರ್ಕಿನ ವೈದ್ಯ ಓಲೆ ವೊರ್ಮ್ 1638ರಲ್ಲಿ ಅದು ಕಡಲ ಪ್ರಾಣಿಯ ಹಲ್ಲೆಂದು ತಲೆಬುರುಡೆ ಸಮೇತ ತೋರಿಸಿಕೊಟ್ಟ ಮೇಲೂ ಆ ವ್ಯಾಪಾರ ಕೂಡಲೇ ನಿಲ್ಲಲಿಲ್ಲ. ತುಂಡಾಗಿದ್ದರೆ ಗಮನಿಸಬೇಕಾದ್ದು ಟೊಳ್ಳು. ಕೋರೆಯ ಬಹುಭಾಗ ಒಳಗೆ ಖಾಲಿ ಇರುವುದರಿಂದ ಅಡ್ಡಕೊಯ್ತ ಬಳೆಯಂತೆ ದುಂಡಗಿದ್ದು ನಡುವೆ ತೂತಿರುತ್ತದೆ. ಸಿಮೆಂಟಮ್‌ನ ಬಿರುಕುಗಳು ಸುರುಳಿಯ ತಗ್ಗುಗಳನ್ನೇ ಹಿಂಬಾಲಿಸುತ್ತವೆ. ದಪ್ಪನೆಯ, ತೂತಿಲ್ಲದ, ಅಗಲವಾದ ಹಿಡಿ ನಾರ್ವಾಲ್‌ನದಾಗಿರುವುದು ಕಷ್ಟ.

ಸ್ಪರ್ಮ್ ತಿಮಿಂಗಿಲದ ಹಲ್ಲುಗಳು ಕೆಳದವಡೆಯಲ್ಲಿ 20ರಿಂದ 26 ಜೊತೆ ಇರುತ್ತವೆ. ಒಂದೊಂದು ಸುಮಾರು 20 ಸೆಂಟಿಮೀಟರಿನವರೆಗೆ, ಶಂಕುವಿನಾಕಾರ. ಇದರ ಅಡ್ಡಕೊಯ್ತದಲ್ಲಿ ದಪ್ಪನೆಯ ಸಿಮೆಂಟಮ್, ಅದಕ್ಕೂ ಡೆಂಟಿನ್‌ಗೂ ನಡುವೆ ಎದ್ದು ಕಾಣುವ ಗಡಿಯುಂಗುರ, ಡೆಂಟಿನ್‌ನಲ್ಲಿ ಒಂದರೊಳಗೊಂದು ಕುಳಿತ ವರ್ತುಲಗಳು. ಮಧ್ಯದಲ್ಲಿ ಕೆಲವೊಮ್ಮೆ ಗುಂಡುಗುಂಡಾದ ಗಂಟುಗಳಿರುತ್ತವೆ. ಅವಸರದಲ್ಲಿ ನೋಡಿದವರು ಇದನ್ನು ವಾಲ್ರಸ್‌ನ ನಡುಭಾಗವೆಂದು ಭಾವಿಸುವುದುಂಟು. ವಾಲ್ರಸ್‌ನಲ್ಲಿ ಅದು ತುಂಬಿದ ತಿರುಳು, ಇಲ್ಲಿ ಬಿಡಿ ಗಂಟುಗಳು. ಓರ್ಕಾದ ಹಲ್ಲು ಇದಕ್ಕಿಂತ ಚಿಕ್ಕದು, ಅಡ್ಡಕೊಯ್ತ ಮೊಟ್ಟೆಯಾಕಾರ, ಸವೆಯದ ತುದಿಯಲ್ಲಿ ಎನಾಮಲ್ ಉಳಿದಿರುತ್ತದೆ. ಪಾಲಿಶ್ ಮಾಡಿದ ಚಿಕ್ಕ ತುಂಡಿನಲ್ಲಿ ಈ ಎರಡನ್ನೂ ಕಣ್ಣಿನಿಂದ ಬೇರ್ಪಡಿಸುವುದು ನಂಬತಕ್ಕದ್ದಲ್ಲ.

ಭಾರತದ ಕಡಲಿನದೇ ಆದ ದಂತವೆಂದರೆ ಡುಗಾಂಗ್, ಅಂದರೆ ಕಡಲಹಸುವಿನದು. ಮನ್ನಾರ್ ಕೊಲ್ಲಿ, ಪಾಕ್ ಕೊಲ್ಲಿ, ಕಚ್ಛ್ ಕೊಲ್ಲಿ ಮತ್ತು ಅಂಡಮಾನ್ ಸುತ್ತ ಉಳಿದಿರುವ ಈ ಸಸ್ಯಾಹಾರಿಯ ಗಂಡಿಗೆ ಪ್ರಾಯಕ್ಕೆ ಬಂದ ಮೇಲೆ ಮೇಲ್ದವಡೆಯ ಬಾಚಿಹಲ್ಲು ಚಿಕ್ಕ ಕೋರೆಯಾಗಿ ಹೊರಬರುತ್ತದೆ, ತುದಿ ಉಳಿಯಂತೆ ಸವೆದಿರುತ್ತದೆ. ತಮಿಳುನಾಡು 2022ರಲ್ಲಿ ಪಾಕ್ ಕೊಲ್ಲಿಯ 448 ಚದರ ಕಿಲೋಮೀಟರನ್ನು ಇದರ ಸಂರಕ್ಷಣಾ ಪ್ರದೇಶವೆಂದು ಸಾರಿತು. ಚಿಕ್ಕ ಗುಂಡಿ, ಮಣಿ, ತಾಯಿತಗಳ ವಿಷಯದಲ್ಲಿ ಇದನ್ನು ನೆನಪಿಡಬೇಕು. ಇಡೀ ಕಠಾರಿಯ ಹಿಡಿಗೆ ಇದು ಸಾಲದು.

ಕಡಲಿನದಲ್ಲದಿದ್ದರೂ ಕಡಲ ದಂತದೊಡನೆ ಸದಾ ಗೊಂದಲಕ್ಕೆ ಬೀಳುವುದು ನೀರಾನೆಯ ಹಲ್ಲು. ಅದು ಆನೆದಂತಕ್ಕಿಂತ ಬಿಳುಪು, ಒತ್ತಾಗಿರುವ ಸೂಕ್ಷ್ಮ ವರ್ತುಲಗಳು ಅದರಲ್ಲಿ ಭೂತಗನ್ನಡಿಗೆ ಸಿಗುತ್ತವೆ. ಕೆಳಕೋರೆಯ ಅಡ್ಡಕೊಯ್ತ ತ್ರಿಕೋನ, ಅದರ ನಡುವೆ ಟೊಳ್ಳು ಮುಚ್ಚಿಕೊಂಡ ಕಡೆ ಒಂದು ಬಾಗಿದ ಗೆರೆ. ಬಾಚಿಹಲ್ಲಿನಲ್ಲಿ ಗೆರೆಯ ಬದಲು ಚುಕ್ಕಿ. ಹೊರಗಿನ ಎನಾಮಲ್ ಉಕ್ಕಿನ ಉಳಿಗೂ ಬಗ್ಗದಷ್ಟು ಗಟ್ಟಿ.

ನಾಲ್ಕನೆಯ ಹಂತ: ಒಳಗನ್ನು ನೋಡುವುದು, ಮೇಲ್ಮೈಯನ್ನು ಓದಿಸುವುದು

ದೊಡ್ಡ ದಂತವೈದ್ಯಕೀಯ ಕಾಲೇಜುಗಳಲ್ಲಿ ದವಡೆಯ ಮೂರು ಆಯಾಮದ ಚಿತ್ರ ತೆಗೆಯುವ ಸ್ಕ್ಯಾನರ್ ಇರುವುದುಂಟು. ಹಲ್ಲಿನ ಸೂಕ್ಷ್ಮರಚನೆಯನ್ನು ಪಾಠ ಮಾಡುವ ವಿಭಾಗವಂತೂ ಪ್ರತಿ ದಂತವೈದ್ಯಕೀಯ ಕಾಲೇಜಿನಲ್ಲೂ ಇರುತ್ತದೆ. ಬೆಳಗಾವಿ, ವಿಜಯಪುರ, ಬಾಗಲಕೋಟೆ ಮೂರೂ ಕಡೆ ಇಂಥ ಕಾಲೇಜುಗಳಿರುವುದು ನಮ್ಮ ಸೀಮೆಯ ಅನುಕೂಲ. ಡೆಂಟಿನ್, ಸಿಮೆಂಟಮ್, ಗಡಿರೇಖೆ ಇವನ್ನು ದಿನವೂ ನೋಡುವ ಅಧ್ಯಾಪಕರ ಕಣ್ಣು ಕಲಾ ಇತಿಹಾಸಕಾರನ ಕಣ್ಣಿಗಿಂತ ಈ ಕೆಲಸಕ್ಕೆ ಹೆಚ್ಚು ಪಳಗಿರುತ್ತದೆ ಎಂಬುದು ಈ ಲೇಖಕನ ಅಭಿಪ್ರಾಯ. ಸ್ಕ್ಯಾನ್ ಟೊಳ್ಳಿನ ಆಕಾರವನ್ನು, ಅಂಟಿಸಿದ ಕೂಡುಗೆರೆಗಳನ್ನು, ಹಳೆಯ ರಿಪೇರಿಯನ್ನು ತೋರಿಸುತ್ತದೆ. ಆದರೆ ಹಿಡಿಯೊಳಗೆ ಅಲಗಿನ ಕಬ್ಬಿಣದ ಬಾಲ ಹೊಕ್ಕಿದ್ದರೆ ಲೋಹದ ಸುತ್ತ ಚಿತ್ರವೆಲ್ಲ ಗೀರುಗೀರಾಗಿ ಕೆಡುತ್ತದೆ. ಆಗ ಲೋಹವಿಲ್ಲದ ಹಿಡಿಯ ತಲೆಭಾಗಕ್ಕೆ ಮಾತ್ರ ಚಿತ್ರವನ್ನು ಸೀಮಿತಗೊಳಿಸಬೇಕು.

ಇನ್ಫ್ರಾರೆಡ್ ಮತ್ತು ರಾಮನ್ ರೋಹಿತಮಾಪಕಗಳು ಮೇಲ್ಮೈಯ ರಾಸಾಯನಿಕ ಬಂಧಗಳನ್ನು ಓದುತ್ತವೆ. ರಾಮನ್ ರೋಹಿತದಲ್ಲಿ ಅಲೆಸಂಖ್ಯೆ (ಪ್ರತಿ ಸೆಂಟಿಮೀಟರಿಗೆ) 960ರ ಸುತ್ತ ಫಾಸ್ಫೇಟಿನ ಚೂಪಾದ ಶಿಖರ, 1650ರ ಮೇಲೆ ಕೊಲಾಜೆನ್ನಿನ ಶಿಖರ ಸಿಕ್ಕರೆ ವಸ್ತು ದಂತ, ಮೂಳೆ ಅಥವಾ ಕೊಂಬಿನ ಎಲುಬು ಎಂಬಲ್ಲಿಗೆ ನಿಲ್ಲುತ್ತದೆ. ಪ್ಲಾಸ್ಟಿಕ್ಕೂ ಸಸ್ಯದಂತವೂ ಅಲ್ಲಿಗೇ ಕಳಚಿಕೊಳ್ಳುತ್ತವೆ. ಪ್ರಾಣಿಯಿಂದ ಪ್ರಾಣಿಗೆ ಈ ಶಿಖರಗಳ ಅನುಪಾತದಲ್ಲಿ ಅಂತರವಿದ್ದರೂ ವಯಸ್ಸು, ಎಣ್ಣೆ, ಮಣ್ಣಿನಲ್ಲಿ ಹೂತಿದ್ದ ಕಾಲ ಇವೆಲ್ಲ ಅದೇ ಅನುಪಾತವನ್ನು ಅಲುಗಿಸುತ್ತವೆ. ಆದ್ದರಿಂದ ಕೈಯಲ್ಲಿ ಹಿಡಿಯುವ ರಾಮನ್ ಯಂತ್ರವೊಂದು ಪರದೆಯ ಮೇಲೆ "ವಾಲ್ರಸ್" ಎಂದು ತೋರಿಸಿದರೂ ಅದನ್ನು ಸೂಚನೆಯೆಂದೇ ಎಣಿಸಬೇಕು.

ಐದನೆಯ ಹಂತ: ಕೊಲಾಜೆನ್ನಿನ ಬೆರಳಚ್ಚು

ಚೂರು ತೆಗೆಯಲೇಬೇಕಾದ ಸ್ಥಿತಿ ಬಂದರೆ ಮೊದಲು ಮಾಡಿಸಬೇಕಾದ ಪರೀಕ್ಷೆ ಇದು. ಜೂಮ್ಸ್ ಎಂಬ ಹೆಸರಿನಿಂದ ಪುರಾತತ್ತ್ವಜ್ಞರಿಗೆ ಪರಿಚಿತವಾದ ಈ ವಿಧಾನ 2009ರಿಂದೀಚೆಗೆ ಬಳಕೆಗೆ ಬಂದಿತು. ಕೊಲಾಜೆನ್ ಎಲ್ಲ ಸಸ್ತನಿಗಳಲ್ಲೂ ಇದೆ, ಆದರೆ ಅದರ ಅಮೈನೊ ಆಮ್ಲಗಳ ಸರಣಿ ಪ್ರಾಣಿಯಿಂದ ಪ್ರಾಣಿಗೆ ಅಲ್ಲಲ್ಲಿ ಬದಲಾಗಿರುತ್ತದೆ. ಕೆಲವೇ ಮಿಲಿಗ್ರಾಂ ಪುಡಿಯನ್ನು ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲದಲ್ಲಿಟ್ಟು ಖನಿಜವನ್ನು ಕರಗಿಸುತ್ತಾರೆ; ಉಳಿದ ಪ್ರೋಟೀನನ್ನು ಅಮೋನಿಯಂ ಬೈಕಾರ್ಬೊನೇಟಿನ ದ್ರಾವಣದಲ್ಲಿ 65 ಡಿಗ್ರಿಗೆ ಕಾಯಿಸಿ ಸಡಿಲಗೊಳಿಸುತ್ತಾರೆ; ಟ್ರಿಪ್ಸಿನ್ ಎಂಬ ಕಿಣ್ವ ಅದನ್ನು ನಿಶ್ಚಿತ ಜಾಗಗಳಲ್ಲಿ ಕತ್ತರಿಸುತ್ತದೆ; ತುಣುಕುಗಳ ರಾಶಿಯನ್ನು ಮಾಲ್ಡಿ ಮಾದರಿಯ ಮಾಸ್ ಸ್ಪೆಕ್ಟ್ರೋಮೀಟರ್ ಅಳೆಯುತ್ತದೆ. ಬಂದ ಶಿಖರಗಳ ಸಾಲನ್ನು ತಿಳಿದಿರುವ ಪ್ರಾಣಿಗಳ ಸಾಲಿನೊಡನೆ ಹೋಲಿಸಿದರೆ ಆನೆ, ನೀರಾನೆ, ವಾಲ್ರಸ್, ತಿಮಿಂಗಿಲ ಬೇರೆಬೇರೆಯಾಗಿ ನಿಲ್ಲುತ್ತವೆ.

ಇದರ ಮಿತಿಯೂ ಅಷ್ಟೇ ಸ್ಪಷ್ಟ. ಕೊಲಾಜೆನ್ ಬಹಳ ನಿಧಾನವಾಗಿ ಬದಲಾಗುವ ಪ್ರೋಟೀನ್ ಆದ್ದರಿಂದ ಹತ್ತಿರದ ಸಂಬಂಧಿಗಳಲ್ಲಿ ಶಿಖರಗಳು ಒಂದೇ ಆಗಿರಬಹುದು. ಏಷ್ಯಾದ ಆನೆಯನ್ನೂ ಆಫ್ರಿಕಾದ್ದನ್ನೂ ಇದರಿಂದ ಬೇರ್ಪಡಿಸಲು ಹೋಗಬಾರದು. ಚರ್ಮಪತ್ರದ ಮೇಲೆ ಮಾಡಿದಂತೆ ಮೃದುವಾದ ರಬ್ಬರಿನಿಂದ ಉಜ್ಜಿ ಬಂದ ಪುಡಿಯಲ್ಲೇ ಕೊಲಾಜೆನ್ ಹಿಡಿಯುವ ಕ್ರಮವೂ ಇದೆ, ಗುರುತು ಉಳಿಯದಿರುವುದು ಅದರ ಲಾಭ. ಆದರೆ ಮೇಲ್ಮೈಗೆ ಪ್ರಾಣಿಜನ್ಯ ಸರೇಸನ್ನು ಬಳಿದಿದ್ದರೆ ರಬ್ಬರಿಗೆ ಅಂಟುವುದು ದನದ ಕೊಲಾಜೆನ್. ವರದಿ ಆಕಳೆಂದು ಬಂದರೆ ಅಚ್ಚರಿಪಡಬೇಕಿಲ್ಲ.

ಪುಡಿ ತೆಗೆಯುವ ಜಾಗದ ಆಯ್ಕೆ ಸಂರಕ್ಷಕನದು, ಪ್ರಯೋಗಾಲಯದ್ದಲ್ಲ. ಹಳೆಯ ಒಡಕಿನ ಅಂಚು, ಮೊಳೆತೂತಿನ ಒಳಗೋಡೆ, ಅಲಗಿನಡಿ ಮುಚ್ಚಿರುವ ಭಾಗ ಇವು ತಕ್ಕ ಜಾಗಗಳು. ಅಲಗನ್ನು ಕೂರಿಸಲು ಅರಗನ್ನು ಸುರಿಯುವ ಪದ್ಧತಿ ಇದ್ದುದರಿಂದ ಅಲ್ಲಿ ಅರಗು ಬೆರೆಯದಂತೆ ಮೊದಲ ಪದರವನ್ನು ಕೆರೆದು ಬಿಟ್ಟು ಅದರಡಿಯ ಪುಡಿಯನ್ನು ತೆಗೆಯಬೇಕು.

ಆರನೆಯ ಹಂತ: ಡಿಎನ್ಎ

ಉಪಜಾತಿ, ಪ್ರದೇಶ, ಗಂಡುಹೆಣ್ಣು ಇಂಥ ಪ್ರಶ್ನೆಗಳಿಗೆ ಡಿಎನ್ಎ ಮುಖ್ಯ ದಾರಿ. ಹೈದರಾಬಾದಿನ ಕೋಶ ಮತ್ತು ಅಣುಜೀವಶಾಸ್ತ್ರ ಕೇಂದ್ರದಲ್ಲಿ (ಸಿಸಿಎಂಬಿ) ರೂಪುಗೊಂಡ, ಸೈಟೋಕ್ರೋಮ್ ಬಿ ಎಂಬ ಜೀನನ್ನು ಆಧರಿಸಿದ ಸಾರ್ವತ್ರಿಕ ಪ್ರೈಮರುಗಳು (ಡಿಎನ್ಎಯ ಬೇಕಾದ ಭಾಗವನ್ನು ನಕಲು ಮಾಡಲು ಬಳಸುವ ಚಿಕ್ಕ ತುಣುಕುಗಳು) ಭಾರತದ ವನ್ಯಜೀವಿ ಪ್ರಕರಣಗಳಲ್ಲಿ ಬಹಳ ಬಳಕೆಯಾಗಿವೆ. ದೆಹರಾಡೂನಿನ ಭಾರತೀಯ ವನ್ಯಜೀವಿ ಸಂಸ್ಥೆಯಲ್ಲೂ ವಿಧಿವಿಜ್ಞಾನ ವಿಭಾಗವಿದೆ. ಪ್ರಕರಣವಾಗಿ ಹೋಗುವ ವಸ್ತುವನ್ನು ಅರಣ್ಯ ಇಲಾಖೆಯೇ ಮೊಹರು ಮಾಡಿ ಕಳಿಸಬೇಕು. ಖಾಸಗಿಯಾಗಿ ಕಳಿಸಿದ ಮಾದರಿಗೆ ನ್ಯಾಯಾಲಯದಲ್ಲಿ ಬೆಲೆಯಿರದು. ಸಾಧ್ಯವಿದ್ದರೆ ಸಿಮೆಂಟಮ್ ಇರುವ ಭಾಗದಿಂದ ಮಾದರಿ ತೆಗೆಯಬೇಕು, ಏಕೆಂದರೆ ಜೀವಕೋಶಗಳು ಹುದುಗಿ ಉಳಿಯುವುದು ಅಲ್ಲಿ. ಪೂಜೆಯ ಆಯುಧಗಳನ್ನು ಹತ್ತಾರು ಕೈಗಳು ಮುಟ್ಟಿರುವುದರಿಂದ ಮನುಷ್ಯರ ಡಿಎನ್ಎ ಧಾರಾಳವಾಗಿ ಬರುತ್ತದೆ. ಅದನ್ನು ಕಳೆಯುವ ಕ್ರಮ ವರದಿಯಲ್ಲಿ ಬರೆದಿದೆಯೇ ಎಂದು ನೋಡಿರಿ.

ಈ ವಿಧಾನದ ಶಕ್ತಿಗೆ ಒಳ್ಳೆಯ ನಿದರ್ಶನ ವಾಲ್ರಸ್‌ನದೇ. ಯುರೋಪಿನ ಸಂಗ್ರಹಾಲಯಗಳಲ್ಲಿದ್ದ ಮಧ್ಯಯುಗದ ವಾಲ್ರಸ್ ಮೂತಿಯ ಎಲುಬುಗಳಿಂದ ಡಿಎನ್ಎ ತೆಗೆದು 2018ರಲ್ಲಿ ಪ್ರಕಟಿಸಿದ ಅಧ್ಯಯನ, 12ನೇ ಶತಮಾನದಿಂದೀಚೆಗೆ ಸರಕಿನ ಬಹುಪಾಲು ಪಶ್ಚಿಮದ, ಅಂದರೆ ಗ್ರೀನ್‌ಲ್ಯಾಂಡ್ ಕಡೆಯ ಪ್ರಾಣಿಗಳದಾಗಿತ್ತು ಎಂದು ತೋರಿಸಿತು. 2022ರಲ್ಲಿ ಕೀವ್ ನಗರದ ಉತ್ಖನನದ ಎಲುಬುಗಳಲ್ಲೂ ಅದೇ ಮೂಲ ಕಂಡುಬಂದಿತು. ಗ್ರೀನ್‌ಲ್ಯಾಂಡಿನ ಕೋರೆ ಕೀವ್‌ವರೆಗೆ ನಡೆದಿದ್ದರೆ ಅಲ್ಲಿಂದ ದಕ್ಷಿಣದ ಮಾರುಕಟ್ಟೆಗಳ ದಾರಿ ತೆರೆದೇ ಇತ್ತು. ದಖ್ಖನಿನ ಹಿಡಿಗಳನ್ನು ಹೀಗೆ ಪರೀಕ್ಷಿಸಿದರೆ ಏನು ಸಿಕ್ಕೀತು ಎಂಬುದು ಕುತೂಹಲದ ಸಂಗತಿ.

ಏಳನೆಯ ಹಂತ: ಐಸೊಟೋಪುಗಳು ಮತ್ತು ಕಾಲ

ಐಸೊಟೋಪುಗಳೆಂದರೆ ಒಂದೇ ಧಾತುವಿನ ಬೇರೆಬೇರೆ ತೂಕದ ಪರಮಾಣುಗಳು. ಐಸೊಟೋಪು ಪ್ರಾಣಿಯ ಹೆಸರನ್ನು ಹೇಳುವುದಿಲ್ಲ, ಪ್ರಾಣಿ ಏನು ತಿಂದಿತು, ಎಲ್ಲಿ ಬದುಕಿತು ಎಂಬುದನ್ನು ಹೇಳುತ್ತದೆ. ಇದನ್ನು ಮರೆತರೆ ಕೈಯಲ್ಲಿ ನಿಖರವಾದ ಅಂಕಿಯಿದ್ದೂ ತೀರ್ಪು ತಪ್ಪುತ್ತದೆ. ಕಾಡಿನ ಸೊಪ್ಪು ತಿನ್ನುವ ಪ್ರಾಣಿಯ ಕೊಲಾಜೆನ್ನಿನಲ್ಲಿ ಇಂಗಾಲದ ಐಸೊಟೋಪು ಮೌಲ್ಯ (ಒಪ್ಪಿತ ಮಾನಕದಿಂದ ಇರುವ ಅಂತರ) ಸಾವಿರಕ್ಕೆ ಮೈನಸ್ 21ರ ಸುತ್ತ ಇರುತ್ತದೆ, ಕಡಲ ಪ್ರಾಣಿಗಳದು ಮೈನಸ್ 12ರಿಂದ 16ರ ನಡುವೆ. ನಮ್ಮ ಜೋಳ, ಸಜ್ಜೆ, ಕಬ್ಬು ಮತ್ತು ಉಷ್ಣವಲಯದ ಅನೇಕ ಹುಲ್ಲುಗಳು ಇಂಗಾಲವನ್ನು ಬೇರೆ ಬಗೆಯಲ್ಲಿ ಹಿಡಿದಿಡುವ ಗುಂಪಿಗೆ ಸೇರಿದವು. ಸೊಪ್ಪಿನ ಜೊತೆ ಅಂಥ ಹುಲ್ಲನ್ನೂ ಮೇಯ್ದ ಆನೆಯ ಮೌಲ್ಯ ಕಡಲಿನ ವ್ಯಾಪ್ತಿಯೊಳಗೇ ಬಂದು ಕೂರಬಹುದು. ಇಂಗಾಲವೊಂದನ್ನೇ ನಂಬಿದವರು ಇಲ್ಲಿ ಆನೆಯನ್ನು ಕಡಲಿಗೆ ಇಳಿಸಿಬಿಡುತ್ತಾರೆ.

ಆದ್ದರಿಂದ ಜೊತೆಗೆ ಸಾರಜನಕ ಬೇಕು. ಆಹಾರ ಸರಪಳಿಯಲ್ಲಿ ಒಂದೊಂದು ಮೆಟ್ಟಿಲು ಏರಿದಂತೆ ಅದರ ಮೌಲ್ಯ ಸಾವಿರಕ್ಕೆ 3ರಿಂದ 5ರಷ್ಟು ಏರುತ್ತದೆ. ಮೀನು, ಕಣವೆ ಜಾತಿಯ ಜೀವಿಗಳನ್ನು ತಿನ್ನುವ ತಿಮಿಂಗಿಲ ಮೇಲಿರುತ್ತದೆ. ಕಡಲತಳದ ಚಿಪ್ಪಿನ ಜೀವಿಗಳನ್ನು ತಿನ್ನುವ ವಾಲ್ರಸ್ ಕಡಲ ಪ್ರಾಣಿಯಾದರೂ ಅದಕ್ಕಿಂತ ಕೆಳಗಿರುತ್ತದೆ. ಕಡಲಹುಲ್ಲು ಮೇಯುವ ಡುಗಾಂಗ್ ಇನ್ನೂ ಕೆಳಗೆ. ಗಂಧಕವನ್ನೂ ಅಳೆಯಿಸಿದರೆ ಕಡಲಿನ ಸಲ್ಫೇಟಿನ ಮೌಲ್ಯ 21ರ ಹತ್ತಿರವಿರುವುದು ನೆರವಾಗುತ್ತದೆ. ಸ್ಟ್ರಾನ್ಷಿಯಂ ಧಾತುವಿನ ಎರಡು ಐಸೊಟೋಪುಗಳ ಅನುಪಾತ ಕಡಲಿನಲ್ಲಿ ಎಲ್ಲೆಡೆ 0.7092, ಹಾಗಾಗಿ ಅದು ಕಡಲು ಎಂಬುದನ್ನು ಸೂಚಿಸಬಲ್ಲದು, ಯಾವ ಕಡಲು ಎಂಬುದನ್ನಲ್ಲ, ಮತ್ತು ಸುಣ್ಣಕಲ್ಲಿನ ನೆಲದ ಪ್ರಾಣಿಯೂ ಅದೇ ಅಂಕಿಯನ್ನು ಕೊಡಬಹುದು. ಯಾವ ಅಂಕಿಯನ್ನು ಒಪ್ಪುವ ಮೊದಲೂ ಕೊಲಾಜೆನ್ನಿನ ಇಂಗಾಲ–ಸಾರಜನಕ ಪರಮಾಣು ಅನುಪಾತ 2.9ರಿಂದ 3.6ರೊಳಗಿದೆಯೇ ಎಂದು ನೋಡಬೇಕು. ಹೊರಗಿದ್ದರೆ ಕೊಲಾಜೆನ್ ಕೆಟ್ಟಿದೆ ಅಥವಾ ಕೊಬ್ಬರಿ ಎಣ್ಣೆಯಂಥದ್ದು ಬೆರೆತಿದೆ.

ರೇಡಿಯೋಕಾರ್ಬನ್ ಕಾಲನಿರ್ಣಯವನ್ನು ಪ್ರಾಣಿ ಯಾವುದೆಂದು ತಿಳಿದ ಮೇಲೆಯೇ ಮಾಡಿಸಬೇಕು. ಕಡಲ ನೀರಿನಲ್ಲಿ ಹಳೆಯ ಇಂಗಾಲ ಉಳಿದಿರುವುದರಿಂದ ಕಡಲ ಪ್ರಾಣಿ ತನ್ನ ನಿಜವಾದ ವಯಸ್ಸಿಗಿಂತ ಸರಾಸರಿ 400 ವರ್ಷ ಹಳೆಯದಾಗಿ ತೋರುತ್ತದೆ, ಪ್ರದೇಶಕ್ಕೆ ತಕ್ಕಂತೆ ಇದರಲ್ಲಿ ಏರುಪೇರಿದೆ. ವಾಲ್ರಸ್ ಹಿಡಿಯನ್ನು ಆನೆಯದೆಂದು ತಿಳಿದು ಲೆಕ್ಕ ಹಾಕಿದರೆ ಆದಿಲಶಾಹಿ ಕಾಲದ ಕಠಾರಿ ಬಹಮನಿಗಳಿಗೂ ಹಿಂದಿನದಾಗಿಬಿಡುತ್ತದೆ.

ವರದಿ ಬರೆಯುವಾಗ

ವರದಿಯಲ್ಲಿ ಮೂರೇ ಮಾತು ಸಾಕು: ಖಚಿತ, ಸಂಭವನೀಯ, ಹೇಳಲಾಗದು. ದ್ವಿತೀಯಕ ಡೆಂಟಿನ್ ಕಣ್ಣಿಗೆ ಕಂಡು ಕೊಲಾಜೆನ್ ಪರೀಕ್ಷೆಯೂ ಒಪ್ಪಿದರೆ ವಾಲ್ರಸ್ ಎಂಬುದು ಖಚಿತ. ಮೇಲ್ಮೈಯ ನೋಟವೊಂದೇ ಇದ್ದರೆ ಸಂಭವನೀಯ. ಪ್ರಾಥಮಿಕ ಡೆಂಟಿನ್‌ನ ಚಿಕ್ಕ ತುಂಡಿಗೆ ಭೂತಗನ್ನಡಿಯಷ್ಟೇ ಸಿಕ್ಕಿದ್ದರೆ ಹೇಳಲಾಗದು ಎಂದು ಬರೆಯಲು ಸಂಕೋಚಪಡಬಾರದು. ಯಾವ ಜಾಗದಿಂದ ಎಷ್ಟು ಮಿಲಿಗ್ರಾಂ ತೆಗೆಯಲಾಯಿತು, ಉಳಿದ ಪುಡಿ ಯಾವ ಶೀಶೆಯಲ್ಲಿ ಯಾರ ವಶದಲ್ಲಿದೆ ಎಂಬುದನ್ನು ಚಿತ್ರದ ಮೇಲೆಯೇ ಗುರುತು ಹಾಕಿ ತೋರಿಸಬೇಕು. ಕಣ್ಣಿನ ತೀರ್ಪಿಗೂ ಪ್ರಯೋಗಾಲಯದ ಫಲಿತಾಂಶಕ್ಕೂ ಹೊಂದಾಣಿಕೆ ಆಗದಿದ್ದರೆ ಕೂಡಲೇ ಒಂದನ್ನು ತಪ್ಪೆನ್ನದೆ, ಮಾದರಿ ತೆಗೆದ ಜಾಗವನ್ನು ಮತ್ತೊಮ್ಮೆ ಭೂತಗನ್ನಡಿಯಡಿ ನೋಡಿರಿ. ಹಿಡಿಯ ಎರಡು ಪಕ್ಕಗಳು ವಾಲ್ರಸ್‌ನವಾಗಿದ್ದು, ನಂತರದ ಕಾಲದಲ್ಲಿ ಮುರಿದ ತಲೆಭಾಗಕ್ಕೆ ಆನೆದಂತವನ್ನೋ ಮೂಳೆಯನ್ನೋ ಕೂಡಿಸಿರುವುದು ಹಳೆಯ ಆಯುಧಗಳಲ್ಲಿ ಹೊಸದಲ್ಲ. ಆಗ ಎರಡು ಉತ್ತರಗಳೂ ಸರಿಯಾಗಿದ್ದು, ಪ್ರತಿ ಭಾಗಕ್ಕೂ ಬೇರೆ ಬೇರೆ ಸಾಲು ಬರೆಯಬೇಕಾಗುತ್ತದೆ.